ಲಾಕ್‌ಡೌನಿನಲ್ಲಿ ಊರಿಗೆ ಹೋದರೆ ಹೋಟೆಲ್ ಕೆಲಸಗಾರನ ಗ್ರಾಚ್ಯುಟಿ ತಪ್ಪುತ್ತದೆಯೇ?

ನಿಮ್ಮ ಪ್ರಶ್ನೆ ಹೀಗಿದೆ: ಮುಂಬೈಯ ಘಾಟ್ಕೋಪರಿನ ಹೋಟೆಲಿನಲ್ಲಿ 2014ರ ಜನವರಿ 1ರಿಂದ 2025ರ ಆಗಸ್ಟ್ 31ರವರೆಗೆ ಸಪ್ಲಾಯರ್ ಆಗಿದ್ದೆ, ಆಮೇಲೆ ನಾನಾಗಿಯೇ ಬಿಟ್ಟೆ. ಒಟ್ಟು 14 ಜನ ಕೆಲಸಕ್ಕಿದ್ದೆವು. ಪ್ರತಿ ಮಳೆಗಾಲಕ್ಕೆ ಎರಡು ತಿಂಗಳು ಊರಿಗೆ ಹೋಗುತ್ತಿದ್ದೆ. ಕೊನೆಯ ಸಂಬಳ 18,200, ಅದರಲ್ಲಿ 12,000 ಬ್ಯಾಂಕಿಗೆ, ಉಳಿದದ್ದು ಕೈಗೆ. ಗ್ರಾಚ್ಯುಟಿ ಕೇಳಿದರೆ ಧಣಿಗಳು "ಲಾಕ್‌ಡೌನಿನಲ್ಲಿ ನೀನು ಊರಿಗೆ ಹೋದಾಗಲೇ ಹಳೇ ಲೆಕ್ಕ ಮುಗಿಯಿತು, ಅಲ್ಲಿಂದೀಚೆಗೆ ಐದು ವರ್ಷ ಆಗಿಲ್ಲ, ಊಟ ರೂಮು ಕೊಟ್ಟಿದ್ದೇನಲ್ಲ" ಅನ್ನುತ್ತಾರೆ. ಭಟ್ರಿಗೆ ಮಾತ್ರ ಕೊಟ್ಟಿದ್ದಾರೆ. ನಾನೇನು ಮಾಡಲಿ?

ಗ್ರಾಚ್ಯುಟಿ ಎಂದರೆ ಕನಿಷ್ಠ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ. ನಿಮಗೆ ಅದು ಬರಬೇಕು, ಪೂರ್ತಿ 12 ವರ್ಷದ್ದು ಬರಬೇಕು. 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿರುವುದು ನಿಜ. ಆದರೆ ನೀವು ಕೆಲಸ ಬಿಟ್ಟದ್ದು ಅದಕ್ಕೂ ಮುಂಚೆ, ಹಕ್ಕು ಹುಟ್ಟಿದ್ದು 1972ರ ಗ್ರಾಚ್ಯುಟಿ ಕಾಯ್ದೆಯಡಿ. ಹಾಗಾಗಿ ಕೆಳಗಿನ ಲೆಕ್ಕವೆಲ್ಲ ಆ ಕಾಯ್ದೆಯದು. ಹತ್ತು ಜನರಿದ್ದರೆ ಅದು ಅನ್ವಯಿಸುತ್ತದೆ. ಒಮ್ಮೆ ಅನ್ವಯಿಸಿದ ಮೇಲೆ ಜನ ಎಂಟಕ್ಕೆ ಇಳಿದರೂ ಬಿಡುವುದಿಲ್ಲ. ಭಟ್ರು, ಸಪ್ಲಾಯರ್, ಪಾತ್ರೆ ತೊಳೆಯುವವರು ಅಂತ ಅದು ಭೇದ ಮಾಡುವುದಿಲ್ಲ. ಭಟ್ರಿಗೆ ಕೊಟ್ಟದ್ದು ಒಳ್ಳೆಯದೇ ಆಯಿತು, ಕಾಯ್ದೆ ತಮಗೆ ಅನ್ವಯಿಸುತ್ತದೆ ಎಂದು ಧಣಿಗಳು ಒಪ್ಪಿದಂತಾಯಿತು. ಅವರ ರಸೀದಿಯ ನಕಲು ಸಿಕ್ಕರೆ ಇಟ್ಟುಕೊಳ್ಳಿ.

ಈಗ ಲಾಕ್‌ಡೌನಿನ ವಿಷಯ, ಎಲ್ಲಾ ಇಲ್ಲೇ ನಿಂತಿದೆ. 2020ರ ಮಾರ್ಚ್ 25ಕ್ಕೆ ದೇಶ ಮುಚ್ಚಿತು, ಮಹಾರಾಷ್ಟ್ರದಲ್ಲಿ ಹೋಟೆಲಿನೊಳಗೆ ಕೂತು ತಿನ್ನಲು ಬಿಟ್ಟದ್ದು ಅಕ್ಟೋಬರ್ 5ರಿಂದ. ಅಲ್ಲಿಂದ 2025ರ ಆಗಸ್ಟ್ ಕೊನೆಗೆ 4 ವರ್ಷ 10 ತಿಂಗಳು ಚಿಲ್ಲರೆ. ಐದು ವರ್ಷಕ್ಕೆ ಒಂದು ತಿಂಗಳು ಚಿಲ್ಲರೆ ಕಡಿಮೆ, ಹಾಗಾಗಿ ಏನೂ ಕೊಡಬೇಕಿಲ್ಲ ಎಂಬುದು ಅವರ ಲೆಕ್ಕ. ಕಾಯ್ದೆಯ 2ಎ ಕಲಮು ಹೇಳುವುದು ಬೇರೆ: ಕೆಲಸಗಾರನ ತಪ್ಪಿಲ್ಲದೆ ಕೆಲಸ ನಿಂತ ಕಾಲವೂ ಸರ್ವಿಸಿನಲ್ಲೇ ಸೇರುತ್ತದೆ. ಹೋಟೆಲು ಮುಚ್ಚಿದ್ದು ಸರ್ಕಾರದ ಆದೇಶದಿಂದ, ನಿಮ್ಮಿಂದಲ್ಲ. ರಜೆ ಹೇಳದೆ ಊರಿಗೆ ಹೋದಿರಿ ಎಂದು ವಾದಿಸಿದರೂ, ನಿಯಮದ ಪ್ರಕಾರ ಸರ್ವಿಸ್ ಕಡಿದಿದೆ ಎಂಬ ಆದೇಶ ಆಗ ಹೊರಡಿಸಿರಬೇಕು. ಅಂಥ ಕಾಗದ ನಿಮ್ಮ ಕೈಗೆ ಬಂದಿತ್ತೇ? ಬರದಿದ್ದರೆ ಈಗ ಬಾಯಲ್ಲಿ ಹೇಳಿ ಕಡಿಯಲಾಗದು. ನಾಲ್ಕು ವರ್ಷದ ಮೇಲೆ 240 ದಿನ ದುಡಿದರೆ ಐದು ವರ್ಷವೆಂದೇ ಹಿಡಿಯಬೇಕು ಎಂದು ಮದ್ರಾಸ್ ಹೈಕೋರ್ಟ್ ಹಿಂದೆ ಹೇಳಿದೆ. ಆ ಲೆಕ್ಕದಲ್ಲೂ ನೀವು ದಾಟುತ್ತೀರಿ. ಆದರೂ ನಿಮ್ಮ ಮೊದಲ ವಾದ ಅದಾಗಬಾರದು. ಅದನ್ನು ಹಿಡಿದುಕೊಂಡರೆ ಹಿಂದಿನ ಆರು ವರ್ಷ ಬಿಟ್ಟುಕೊಟ್ಟಂತೆ.

ಪ್ರತಿ ಮಳೆಗಾಲಕ್ಕೆ ಎರಡು ತಿಂಗಳು ಊರಿಗೆ ಹೋಗುತ್ತಿದ್ದೆ ಎಂದು ಹೆದರಬೇಡಿ. 365ರಲ್ಲಿ 60 ಕಳೆದು, ವಾರಕ್ಕೊಂದು ರಜೆಯನ್ನೂ ಕಳೆದರೆ ಸುಮಾರು 260 ದಿನ ಉಳಿಯುತ್ತದೆ. ಒಂದು ವರ್ಷವೆಂದು ಎಣಿಸಲು ಬೇಕಾದದ್ದು 240.

ಮೊತ್ತದಲ್ಲಿ ಹೆಚ್ಚಿನವರು ಎಡವುವುದು ಭಾಗಿಸುವ ಸಂಖ್ಯೆಯಲ್ಲಿ. ತಿಂಗಳ ಸಂಬಳವನ್ನು ಭಾಗಿಸಬೇಕಾದದ್ದು 26ರಿಂದ, 30ರಿಂದ ಅಲ್ಲ. 18,200 ಭಾಗಿಸು 26 ಅಂದರೆ ದಿನಕ್ಕೆ 700. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ಅಂದರೆ 10,500. ನಿಮ್ಮದು 11 ವರ್ಷ 8 ತಿಂಗಳು. ಆರು ತಿಂಗಳಿಗಿಂತ ಹೆಚ್ಚಿನ ತುಂಡನ್ನು ಪೂರ್ತಿ ವರ್ಷವೆಂದು ಎಣಿಸಬೇಕು, ಹಾಗಾಗಿ 12. ಒಟ್ಟು 1,26,000 ರೂಪಾಯಿ. ಯಾರಾದರೂ 30ರಿಂದ ಭಾಗಿಸಿ 1,09,200 ಎಂದರೆ 16,800 ರೂಪಾಯಿ ಕೈಬಿಟ್ಟಂತಾಯಿತು. ಊಟ, ರೂಮು, ಟಿಪ್ಸ್ ಈ ಲೆಕ್ಕದೊಳಗೆ ಬರುವುದಿಲ್ಲ, ನಗದು ಸಂಬಳ ಮಾತ್ರ. ಹಾಗೆಯೇ ಊಟ ಕೊಟ್ಟಿದ್ದೇನೆ ಎಂದು ಇದರಿಂದ ಕಳೆಯುವಂತೆಯೂ ಇಲ್ಲ. ಗ್ರಾಚ್ಯುಟಿ ತಡೆಹಿಡಿಯಲು ಕಾಯ್ದೆ ಹೇಳುವ ಕಾರಣಗಳು ಕೆಲವೇ: ಬೇಕೆಂದೇ ಅಥವಾ ನಿರ್ಲಕ್ಷ್ಯದಿಂದ ನಷ್ಟ ಮಾಡಿದ್ದಕ್ಕೆ, ಹೊಡೆದಾಟಕ್ಕೆ, ಕೆಲಸದಲ್ಲಿದ್ದಾಗ ಮಾಡಿದ ನೀತಿಗೆಟ್ಟ ಅಪರಾಧಕ್ಕೆ ಕೆಲಸದಿಂದ ತೆಗೆದಿರಬೇಕು. ನೀವು ನೀವಾಗಿ ಬಿಟ್ಟವರು.

ಕಾಯ್ದೆ ನಿಮ್ಮ ಕಡೆಗಿದೆ, ನಿಮ್ಮ ಕಷ್ಟವಿರುವುದು ಪುರಾವೆಯಲ್ಲಿ. 18,200ರಲ್ಲಿ 6,200 ಕೈಗೆ ಬಂದದ್ದರಿಂದ ಅವರ ಪುಸ್ತಕದಲ್ಲಿ 12,000 ಮಾತ್ರ ಇರಬಹುದು. ಅದನ್ನೇ ಒಪ್ಪಿದರೆ ಮೊತ್ತ ಸುಮಾರು 83,000ಕ್ಕೆ ಇಳಿಯುತ್ತದೆ. ಆದ್ದರಿಂದ ಸಂಬಳದ ಬಗ್ಗೆ ಧಣಿ ಅಥವಾ ಮ್ಯಾನೇಜರ್ ಜೊತೆ ನಡೆದ ವಾಟ್ಸಾಪ್ ಮಾತು, ಮುಂಗಡ ಬರೆದ ಚೀಟಿ, ಗಲ್ಲಾದಲ್ಲಿ ಕೂರುತ್ತಿದ್ದವರ ಕೈಬರಹದ ಲೆಕ್ಕ, ಏನಿದ್ದರೂ ಫೋಟೋ ತೆಗೆದಿಡಿ. ಮೊಬೈಲ್ ಬದಲಿಸುವ ಮುಂಚೆ ಬ್ಯಾಕಪ್ ಮಾಡಿ. ಸಂಬಳ ಸರ್ಕಾರದ ಕನಿಷ್ಠ ವೇತನಕ್ಕಿಂತ ಕಡಿಮೆಯಿದ್ದರೆ ಅದನ್ನೂ ಅರ್ಜಿಯಲ್ಲಿ ಎತ್ತಿ, ಯಾಕೆಂದರೆ ಕೊಡಬೇಕಾಗಿದ್ದ ಸಂಬಳವೂ ವೇತನದ ವ್ಯಾಖ್ಯೆಯಲ್ಲಿ ಬರುತ್ತದೆ.

ಸೇರಿದ ದಿನಕ್ಕೆ ಪುರಾವೆಯಾಗಿ ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಕಾರ್ಡು ಚೆನ್ನಾಗಿ ಕೆಲಸಕ್ಕೆ ಬರುತ್ತದೆ, ಅದರಲ್ಲಿ ಮಾಲೀಕರ ವಿವರ ಇರುತ್ತದೆ. ಅದಿಲ್ಲದಿದ್ದರೆ ಬ್ಯಾಂಕ್ ಪಾಸ್‌ಬುಕ್, ಹೋಟೆಲ್ ವಿಳಾಸದ ಆಧಾರ್, ಊರಿಗೆ ಕಳಿಸಿದ ಹಳೇ ಮನಿಯಾರ್ಡರ್ ಚೀಟಿ. ಜನ ಮರೆಯುವ ಒಂದು ಕಾಗದವಿದೆ: ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ವೈದ್ಯಕೀಯ ತಪಾಸಣೆಯ ಸರ್ಟಿಫಿಕೇಟು. ಹೋಟೆಲಿನ ಹೆಸರು, ನಿಮ್ಮ ಹೆಸರು, ದಿನಾಂಕ ಮೂರೂ ಒಂದೇ ಹಾಳೆಯಲ್ಲಿ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ನಿಮ್ಮ ಹೋಟೆಲು ಕಂಡಕ್ಟಿಂಗಿನಲ್ಲಿ, ಅಂದರೆ ಲೈಸೆನ್ಸ್ ಒಬ್ಬರದು ನಡೆಸುವವರು ಬೇರೆಯವರು ಎಂಬಂತೆ ನಡೆಯುತ್ತಿದ್ದು, ನಡುವೆ ನಡೆಸುವವರು ಬದಲಾಗಿದ್ದಾರೆಯೇ ಎಂದು ನೀವು ಬರೆದಿಲ್ಲ. ಮುಂಬೈಯಲ್ಲಿ ಇದು ಸಾಮಾನ್ಯ. "ನಾನು ತೆಗೆದುಕೊಂಡದ್ದು ಆಮೇಲೆ, ಹಿಂದಿನದು ಹಿಂದಿನವರನ್ನು ಕೇಳು" ಎಂಬ ಉತ್ತರವೂ ಸಾಮಾನ್ಯ. ಹಾಗಿದ್ದರೆ ಹಳಬರು, ಹೊಸಬರು, ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರು, ಎಲ್ಲರನ್ನೂ ಎದುರುದಾರರನ್ನಾಗಿ ಹೆಸರಿಸಿ. ಲೈಸೆನ್ಸ್ ಸಾಮಾನ್ಯವಾಗಿ ಗಲ್ಲಾದ ಹಿಂದಿನ ಗೋಡೆಯಲ್ಲೇ ತೂಗುಹಾಕಿರುತ್ತಾರೆ, ಒಂದು ಫೋಟೋ ಸಾಕು.

ಮಾಡುವ ಕ್ರಮ ಇದು. ಗ್ರಾಚ್ಯುಟಿ ಕೇಳುವ ಅರ್ಜಿಯಾದ ಫಾರ್ಮ್ ಐ ತುಂಬಿ ಧಣಿಗಳಿಗೆ ಕೊಡಿ. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕೆಂದಿದೆ, ಆದರೆ ತಡವಾಯಿತೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ತಡವಾದ ಕಾರಣ ಎರಡು ಸಾಲು ಬರೆಯಿರಿ. ಅಸಲಿಗೆ ಅರ್ಜಿ ಕೊಡದಿದ್ದರೂ ಲೆಕ್ಕ ಹಾಕಿ ತಿಳಿಸುವ ಹೊಣೆ ಮಾಲೀಕರದ್ದೇ. ಕೈಯಲ್ಲಿ ಕೊಟ್ಟು ಬರುವುದಕ್ಕಿಂತ ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ ಸಹಿ ಸಿಗುವಂತೆ ಕಳಿಸಿ. ಅವರು ಬೇಡವೆಂದು ಲಕೋಟೆ ಮರಳಿ ಬಂದರೆ ಒಡೆಯಬೇಡಿ, ಅದರ ಮೇಲಿನ ಅಂಚೆಯವರ ಷರಾ ಸಮೇತ ಹಾಗೇ ಇಡಿ.

ಹದಿನೈದು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಇಲ್ಲವೆಂದರೆ ಅಲ್ಲಿಂದ 90 ದಿನದೊಳಗೆ ಫಾರ್ಮ್ ಎನ್‌ನಲ್ಲಿ ಅರ್ಜಿ. 1972ರ ಕಾಯ್ದೆಯಡಿ ಮಹಾರಾಷ್ಟ್ರದಲ್ಲಿ ಇದನ್ನು ಕೇಳುವುದು ಲೇಬರ್ ಕೋರ್ಟು, ಮುಂಬೈಯವರಿಗೆ ಬಾಂದ್ರಾ ಪೂರ್ವದಲ್ಲಿ. ಸಂಹಿತೆ ಹೊಸದಾದ್ದರಿಂದ ನಮೂನೆಯ ಬಗ್ಗೆ ಅಲ್ಲಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಯೇ ಹಾಕಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳಬಹುದು. ಅರ್ಜಿಯಲ್ಲಿ ಬಡ್ಡಿ ಕೇಳಲು ಮರೆಯಬೇಡಿ. 30 ದಿನದಲ್ಲಿ ಕೊಡದಿದ್ದರೆ ವರ್ಷಕ್ಕೆ 10 ಶೇಕಡಾ ಸರಳ ಬಡ್ಡಿ, ಅಂದರೆ ನಿಮ್ಮ ಮೊತ್ತಕ್ಕೆ ತಿಂಗಳಿಗೆ 1,050. ಸೆಪ್ಟೆಂಬರ್ 30ರ ನಂತರದಿಂದ ಅದು ಏರುತ್ತಲೇ ಇದೆ. ನೀವು ಗೆದ್ದ ಮೇಲೆ ಅವರು ಅಪೀಲು ಹಾಕುವುದಾದರೆ ಗ್ರಾಚ್ಯುಟಿ ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ಫಾರ್ಮ್ ಐ ತಲುಪಿದ ಮೇಲೆ ಊರಿನವರ ಮೂಲಕ ಮಾತುಕತೆಗೆ ಕರೆಯುವ ಸಂಭವ ಹೆಚ್ಚು. ಹೋಗಿ, ಅದರಲ್ಲಿ ತಪ್ಪಿಲ್ಲ. ಆದರೆ 50,000 ಕೈಗಿಟ್ಟು ರೆವೆನ್ಯೂ ಸ್ಟಾಂಪ್ ಅಂಟಿಸಿದ ವೋಚರನ್ನು ಮುಂದೆ ತಳ್ಳಿದರೆ, "ಪೂರ್ತಿ ಲೆಕ್ಕ ಚುಕ್ತಾ" ಎಂಬ ಸಾಲಿದ್ದಾಗ ಸಹಿ ಹಾಕಬೇಡಿ. ಖಾಲಿ ವೋಚರಿಗಂತೂ ಬೇಡವೇ ಬೇಡ. ಹಣ ಪಡೆಯುವುದಾದರೆ ನಿಮ್ಮ ಕೈಯಲ್ಲೇ "ಗ್ರಾಚ್ಯುಟಿ ಬಾಬ್ತು 50,000 ಮುಟ್ಟಿದೆ, 76,000 ಮತ್ತು ಬಡ್ಡಿ ಬಾಕಿ" ಎಂದು ದಿನಾಂಕ ಸಮೇತ ಬರೆದು, ಅದರ ಫೋಟೋ ತೆಗೆದ ಮೇಲೆ ಸಹಿ ಹಾಕಿ.