ಮಳೆ ನಿಂತ ಕೂಡಲೇ ಸೈಕಲ್ ಇಳಿಸಬೇಡಿ

ನಡೆಯುವವರೂ ಸೈಕಲ್‌ನವರೂ ಬಳಸುವ ಮಣ್ಣಿನ ದಾರಿಗೆ ದುಡ್ಡು ಕೊಡದೆ ಹೇಗೆ ನೆರವಾಗಬಹುದು ಅಂತ ಕೇಳಿದ್ದೀರಿ. ತುಂಬಾ ದಾರಿಗಳಿವೆ.

ಮಳೆ ಬಂದ ಮೇಲೆ ನೆಲ ಒಣಗುವವರೆಗೆ ಕಾಯಿರಿ. ಹಸಿ ಮಣ್ಣಲ್ಲಿ ಟೈರ್ ಕೊರೆದ ಗೆರೆ ಹಾಗೇ ಗಟ್ಟಿಯಾಗುತ್ತದೆ. ಮುಂದಿನ ಮಳೆಯ ನೀರು ಅದರಲ್ಲೇ ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಕೆಸರು ತಪ್ಪಿಸೋಕೆ ಪಕ್ಕದ ಹುಲ್ಲಿನ ಮೇಲೆ ಹೋಗುವುದಂತೂ ಬೇಡವೇ ಬೇಡ, ದಾರಿ ಸುಮ್ನೆ ಅಗಲವಾಗುತ್ತಾ ಹೋಗುತ್ತದೆ.

ಮೋರಿ ಬಾಯಿಗೆ ಎಲೆ ಕಟ್ಟಿಕೊಂಡಿದ್ದರೆ ನಾನು ಕೋಲಿನಿಂದ ಎಳೆದುಬಿಡುತ್ತೇನೆ. ನಿಂತ ನೀರು ಗುಳುಗುಳು ಅಂತ ಇಳಿಯುವುದನ್ನು ನೋಡೋದೇ ಒಂದು ಖುಷಿ!

ಮುಂದೆ ಯಾರಾದರೂ ನಡೆಯುತ್ತಿದ್ದರೆ ದೂರದಿಂದಲೇ ಬೆಲ್ ಹೊಡೆದು, ನಿಧಾನ ಮಾಡಿ. ಹತ್ತಿರ ಹೋಗಿ ಹೊಡೆದರೆ ಬೆಚ್ಚಿ ಸೈಕಲ್‌ಗೇ ಅಡ್ಡ ಬರುತ್ತಾರೆ, ಅದರಲ್ಲೂ ಮಕ್ಕಳು.