ಬಾರ್ ಫೀಡರ್ ಪದೇಪದೇ ಜಾಮ್ ಆಗುತ್ತೆ, ಚ್ಯಾಂಫರಿಂಗ್ ಮಷೀನ್ ತಗೊಳ್ಳಲಾ?

ಬಾರ್ ಫೀಡರ್ ಅಂದ್ರೆ ಉದ್ದನೆಯ ಲೋಹದ ಸರಳನ್ನು (ಬಾರ್) ಲೇತ್ ಒಳಗೆ ತಾನಾಗಿ ತಳ್ಳುವ ಯಂತ್ರ; ಚ್ಯಾಂಫರಿಂಗ್ ಅಂದ್ರೆ ಸರಳಿನ ತುದಿಯ ಅಂಚನ್ನು ಓರೆಯಾಗಿ ಸವರುವುದು. ಮಷೀನಿನ ಕೊಟೇಷನ್ ಪಕ್ಕಕ್ಕಿಡಿ. ನಿಮ್ಮ ಬಾರ್‌ಗಳು ಶೇರಿಂಗ್‌ನಲ್ಲಿ (ದೊಡ್ಡ ಕತ್ತರಿಯಂಥ ಮಷೀನಿನಲ್ಲಿ) ತುಂಡಾದವೋ, ಗರಗಸದಲ್ಲಿ ಕುಯ್ದವೋ? ಪ್ರಶ್ನೆಯಲ್ಲಿ ಅದೊಂದನ್ನೇ ಬರೆದಿಲ್ಲ ನೀವು.

ಪೀಣ್ಯದ ನಮ್ಮ ಶೆಡ್‌ಗೆ ಮೊದಲ ಫೀಡರ್ ಬಂದಾಗ 25 ಎಂಎಂ ಇಎನ್1ಎ (ಸುಲಭವಾಗಿ ಕುಯ್ಯಲು ಬರುವ ಮೆದು ಉಕ್ಕು) ಬ್ರೈಟ್ ಬಾರ್, ಅಂದ್ರೆ ಮೇಲ್ಮೈ ನುಣುಪಾಗಿಸಿದ ಸರಳು, ಓಡಿಸ್ತಿದ್ವಿ. ಸಪ್ಲೈಯರ್ ಶೇರಿಂಗ್ ಮಾಡಿಯೇ ಕಳಿಸ್ತಿದ್ದ. ತುದಿಯ ಬರ್ (ಎದ್ದುನಿಂತ ಚೂಪು ಅಂಚು) ಲೇತಿನ ಕಾಲೆಟ್‌ಗೆ, ಅಂದ್ರೆ ಬಾರನ್ನು ಬಿಗಿಯಾಗಿ ಹಿಡಿಯೋ ಸೀಳು ಬಳೆಗೆ, ಸಿಕ್ಕಿಕೊಳ್ಳುತ್ತೆ ಅಂತ ಹೆಲ್ಪರ್ ಕೈಗೆ ಗ್ರೈಂಡರ್ ಕೊಟ್ಟೆ, ಎರಡೂ ತುದಿ ಸವರಿಸಿದೆ. ಬಾರ್ ಸಲೀಸಾಗಿ ಒಳಗೆ ಹೋಯ್ತು. ಎಡವಟ್ಟಾಗಿದ್ದೇ ಅಲ್ಲಿ.

ಶೇರಿಂಗ್ ಕುಯ್ಯೋದಿಲ್ಲ ಸ್ವಾಮಿ, ಕಬ್ಬು ಮುರಿದ ಹಾಗೆ ಜಜ್ಜಿ ಮುರಿಯುತ್ತೆ. ತುದಿ ಒಂದು ಕಡೆಗೆ ವಾಲುತ್ತೆ, ದುಂಡಗಿದ್ದದ್ದು ಚಪ್ಪಟೆಯಾಗುತ್ತೆ. ಬರಿಗಣ್ಣಿಗೆ ಸುಲಭವಾಗಿ ಕಾಣಲ್ಲ. ಗ್ರೈಂಡರ್ ಬರ್ ತೆಗೆಯುತ್ತೆ, ವಾಲಿದ್ದನ್ನು ನೆಟ್ಟಗೆ ಮಾಡಲ್ಲ. ಮೇಲಾಗಿ ಕೈಯಲ್ಲಿ ಹೊಡೆದ ಚ್ಯಾಂಫರ್ ಸೆಂಟರಿಗೆ ಬರಲ್ಲ, ತುದಿ ಸೊಟ್ಟ ಮೂತಿಯಾಗುತ್ತೆ. ಫೀಡರ್‌ನ ಪುಷರ್ (ಬಾರನ್ನು ಹಿಂದಿನಿಂದ ತಳ್ಳೋ ಸರಳು) ತನ್ನ ಕಾಲೆಟ್‌ನಲ್ಲಿ ಹಿಡಿಯೋದು ಹಿಂದಿನ ಈ ತುದಿಯನ್ನೇ. ಬಾರ್ ಉದ್ದ ಇರೋವರೆಗೂ ಫೀಡರ್‌ನ ಚಾನೆಲ್ (ಬಾರ್ ಮಲಗೋ ಕಾಲುವೆ) ಅದನ್ನು ಹಿಡಿದುಕೊಂಡಿರುತ್ತೆ, ಪೀಸ್ ಚೆನ್ನಾಗಿ ಬರುತ್ತೆ. ಬಾರ್ ಗಿಡ್ಡವಾಗುತ್ತಾ ಬಂದಂತೆ ಪುಷರ್ರೇ ಸ್ಪಿಂಡಲ್ (ಬಾರನ್ನು ತಿರುಗಿಸೋ ಲೇತಿನ ಟೊಳ್ಳು ದಂಡ) ಒಳಗೆ ತೊನೆದಾಡುತ್ತೆ, ಫಿನಿಶ್ ಮೇಲೆ ಚ್ಯಾಟರ್ ಗೆರೆ, ಅಂದ್ರೆ ನಡುಕದ ಗುರುತು, ಬೀಳುತ್ತೆ. ನಾನು ಇನ್ಸರ್ಟ್ (ಕುಯ್ಯೋ ಟೂಲಿನ ತುದಿ) ಬದಲಾಯಿಸಿದೆ, ಲೈನರ್ (ಸ್ಪಿಂಡಲ್ ಒಳಗೆ ಬಾರ್ ಅಲ್ಲಾಡದಂತೆ ಹಾಕೋ ಕೊಳವೆ) ಬದಲಾಯಿಸಿದೆ, ಸರ್ವಿಸ್‌ನವರನ್ನು ಕರೆಸಿ ಅಲೈನ್‌ಮೆಂಟ್ ಮಾಡಿಸಿದೆ. ಬಾರ್‌ನ ಹಿಂಬದಿ ಮಾತ್ರ ನೋಡಲಿಲ್ಲ.

ಒಂದು ರಾತ್ರಿ ಪಾಳಿಯಲ್ಲಿ ಉಳಿದ ತುಂಡು ವಾಪಸ್ ಬರುವಾಗ ಲೈನರ್‌ಗೆ ಕಚ್ಚಿಕೊಂಡು ಪುಷರ್ ಕಾಲೆಟ್‌ನಿಂದ ಜಾರಿತು. ಮುಂದಿನ ಬಾರ್ ಹೋಗಿ ಅದಕ್ಕೇ ಗುದ್ದಿತು. ಪುಷರ್ ಬಗ್ಗಿತು. ವಾರಂಟಿ ಸಿಗಲಿಲ್ಲ, ಆರ್ಡರ್ ಕೂಡ ಪಕ್ಕದ ಶೆಡ್‌ಗೆ ಹೋಯ್ತು.

ಚ್ಯಾಂಫರಿಂಗ್ ಮಷೀನ್ ತಂದರೂ ವಾಲಿದ ತುದಿಗೇ ಚಂದದ ಚ್ಯಾಂಫರ್ ಹೊಡೆದಂತಾಗುತ್ತೆ, ಅಷ್ಟೆ. ಬ್ಯಾಂಡ್‌ಸಾದಲ್ಲಿ (ಪಟ್ಟಿ ಗರಗಸದಲ್ಲಿ) ಎರಡೂ ಕಡೆ ಎರಡೆರಡು ಇಂಚು ಕುಯ್ದು ಬಿಸಾಕಿ. ಮೂಲೆಯಲ್ಲಿ ಧೂಳು ತಿನ್ನುತ್ತಿರೋ ಹಳೇ ಲೇತ್ ಇದ್ದೇ ಇರುತ್ತಲ್ಲ, ಸ್ಪಿಂಡಲ್ ಬೋರ್‌ನಲ್ಲಿ ಬಾರ್ ತೂರಿಸಿ ಫೇಸಿಂಗ್ ಮಾಡಿ (ತುದಿ ಸಮತಟ್ಟಾಗಿಸಿ), 30 ಡಿಗ್ರಿ ಚ್ಯಾಂಫರ್ ಕೊಡಿ. ಹಿಂದಿನ ತುದಿಗೂ. ಆಮೇಲೆ ಬಾರ್ ಉರುಳಿಸಿ ನೋಡಿ, ಮೀಟರಿಗೆ 0.5 ಎಂಎಂಗಿಂತ ಜಾಸ್ತಿ ಬೆಂಡ್ ಇದ್ದರೆ ಫೀಡರ್ ಹತ್ತಿರವೂ ತರಬೇಡಿ. ಗೋಡೆಗೆ ಒರಗಿಸಿಟ್ಟ ಬಾರ್ ಬಗ್ಗದೆ ಇನ್ನೇನಾಗುತ್ತೆ? ಮಲಗಿಸಿ, ನಡುನಡುವೆ ಆಸರೆ ಕೊಡಿ. ಹಾಕೋ ಮೊದಲು ಬಟ್ಟೆಯಲ್ಲಿ ಒರೆಸಿ, ತುಕ್ಕು ತಡೆಯೋ ಎಣ್ಣೆಗೆ ಅಂಟಿದ ಮಣ್ಣು ಲೈನರನ್ನು ತಿಂದುಹಾಕುತ್ತೆ.

ಪರ್ಚೇಸ್ ಆರ್ಡರ್‌ನಲ್ಲೇ ‘ಗರಗಸದಲ್ಲಿ ಕುಯ್ದದ್ದು, ಎರಡೂ ತುದಿ ಚ್ಯಾಂಫರ್’ ಅಂತ ಬರೆಸಿಬಿಡಿ. ಸ್ವಲ್ಪ ಜಾಸ್ತಿ ಕೇಳ್ತಾರೆ, ಕೊಡಿ. ನಿಮ್ಮದು ಗೈಡ್ ಬುಶ್ (ಟೂಲಿನ ಪಕ್ಕದಲ್ಲೇ ಬಾರನ್ನು ಹಿಡಿಯೋ ಬಳೆ) ಇರೋ ಸ್ಲೈಡಿಂಗ್ ಹೆಡ್ ಲೇತ್ ಆದರೆ ಬ್ರೈಟ್ ಬಾರ್ ಸಾಲದು, ವ್ಯಾಸದಲ್ಲಿ h8 ಟಾಲರೆನ್ಸ್‌ಗಾದರೂ (ಅಳತೆಯಲ್ಲಿ ಬಿಡೋ ಏರುಪೇರಿನ ಮಿತಿ) ಗ್ರೈಂಡ್ ಆದ ಬಾರನ್ನೇ ತರಿಸಿ.