ರಾಜೀನಾಮೆ ಕೊಟ್ಟರೆ ಮುಗೀತಾ?

ಪ್ರಶ್ನೆ: ಲಂಚದ ಆರೋಪ ಬಂತು ಅಂದ ಕೂಡಲೇ ಕೆಲವರು ರಾಜೀನಾಮೆ ಬಿಸಾಕಿ ಮನೆಗೆ ಹೋಗುತ್ತಾರೆ. ಬೆಂಬಲಿಗರು ಅದಕ್ಕೂ ಹಾರ ಹಾಕುತ್ತಾರೆ. ಇದು ಶಿಕ್ಷೆಯಾ, ತಪ್ಪಿಸಿಕೊಳ್ಳುವ ದಾರಿಯಾ? ಇದೆಲ್ಲ ಶುರುವಾಗಿದ್ದು ಯಾವಾಗ?
– ಓದುಗರು, ದಾವಣಗೆರೆ

ಉತ್ತರ: 1951ರಲ್ಲೇ ಶುರುವಾಗಿದೆ ಸ್ವಾಮಿ. ಆಗಿನ್ನೂ ಮೊದಲ ಮಹಾಚುನಾವಣೆಯೇ ಆಗಿರಲಿಲ್ಲ. ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್ ಅಂತ ಒಬ್ಬರಿದ್ದರು. ಹೆಸರಿನಲ್ಲೇ ನಮ್ಮ ರಾಯಚೂರು ಜಿಲ್ಲೆಯ ಮುದಗಲ್ ಇದೆ, ಆದರೆ ತಾತ್ಕಾಲಿಕ ಸಂಸತ್ತಿಗೆ ಹೋಗಿದ್ದು ಬೊಂಬಾಯಿ ಕಡೆಯಿಂದ, ಕಾಂಗ್ರೆಸ್ ಸದಸ್ಯರಾಗಿ. ಮನುಷ್ಯ ಸಾಮಾನ್ಯದವರಲ್ಲ. ಚಿಕ್ಕ ವಯಸ್ಸಿನಲ್ಲೇ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆ ಹುಟ್ಟುಹಾಕಿದ ‘ನೀಗ್ರೋ ವರ್ಲ್ಡ್’ ಪತ್ರಿಕೆಗೆ ಸಂಪಾದಕರಾಗಿದ್ದವರು. ಅಂಥವರ ಹೆಸರು ಇವತ್ತು ಉಳಿದಿರುವುದು ಮಾತ್ರ ಲಂಚದ ಪ್ರಕರಣದ ತಲೆಬರಹವಾಗಿ.

ಆರೋಪ ಏನಪ್ಪಾ ಅಂದರೆ, ಬಾಂಬೆ ಬುಲಿಯನ್ ಅಸೋಸಿಯೇಷನ್, ಅಂದರೆ ಚಿನ್ನಬೆಳ್ಳಿ ವ್ಯಾಪಾರಿಗಳ ಸಂಘದಿಂದ ದುಡ್ಡು ಪಡೆದು, ಅವರ ಪರವಾಗಿ ಸದನದಲ್ಲಿ ಪ್ರಶ್ನೆ ಕೇಳಿದರು, ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಕಟ್ಟುವ ಮುಂಗಡ ವ್ಯಾಪಾರಕ್ಕೆ ಲಗಾಮು ಹಾಕುವ ಮಸೂದೆಗೆ ತಿದ್ದುಪಡಿ ತಂದರು, ಮಂತ್ರಿಗಳ ಭೇಟಿ ಮಾಡಿಸಿಕೊಟ್ಟರು ಅಂತ. ಕೈಗೆ ಬಂದಿದ್ದು ಕೆಲವೇ ಸಾವಿರ ರೂಪಾಯಿ. ಇವತ್ತಿನ ಲೆಕ್ಕದಲ್ಲಿ ಅದು ಸುದ್ದಿಯೇ ಅಲ್ಲ, ಅಲ್ವಾ?

ಮುಂದೆ ಆಗಿದ್ದು ನೋಡಿ. 1951ರ ಜೂನ್‌ನಲ್ಲಿ ಸ್ವತಃ ಪ್ರಧಾನಿ ನೆಹರೂ, ತಮ್ಮದೇ ಪಕ್ಷದ ಸದಸ್ಯನ ಮೇಲೆ ವಿಚಾರಣೆ ಆಗಲಿ ಅಂತ ಸದನದಲ್ಲಿ ನಿರ್ಣಯ ಮಂಡಿಸಿದರು. ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯಲ್ಲಿ ಐದು ಜನರ ಸಮಿತಿ ಆಯಿತು. ಕೆ.ಟಿ. ಷಾ, ದುರ್ಗಾಬಾಯಿ ಅಂಥವರು ಅದರಲ್ಲಿದ್ದರು. ಸಾಕ್ಷಿಗಳನ್ನು ಕೇಳಿದರು, ಮುದ್ಗಲ್ ಮಾತನ್ನೂ ಕೇಳಿದರು, ಇವರ ನಡತೆ ಸದನದ ಮರ್ಯಾದೆಗೆ ಕುಂದು ಅಂತ ವರದಿ ಕೊಟ್ಟರು. ಸೆಪ್ಟೆಂಬರ್ 24ಕ್ಕೆ ವರದಿ ಚರ್ಚೆಗೆ ಬಂತು. ನಾಲ್ಕು ತಿಂಗಳೂ ಆಗಿರಲಿಲ್ಲ!

ಉಚ್ಚಾಟನೆ ಗ್ಯಾರಂಟಿ ಅಂತ ಗೊತ್ತಾದಾಗ ಮುದ್ಗಲ್ ಏನು ಮಾಡಿದರು ಗೊತ್ತಾ? ಚರ್ಚೆಯಲ್ಲಿ ಮಾತಾಡಿ, ಮತಕ್ಕೆ ಹಾಕುವ ಮುಂಚೆಯೇ ರಾಜೀನಾಮೆ ಪತ್ರ ಕೊಟ್ಟುಬಿಟ್ಟರು. ನೀವು ಹೇಳುವ ದಾರಿ ಅದೇ. ಈಗಾದರೆ ‘ಸರಿ, ಹೋದರಲ್ಲ, ವಿಷಯ ಮುಗೀತು’ ಅಂತ ಎಲ್ಲರೂ ಕ್ಯಾಂಟೀನಿಗೆ ಹೋಗುತ್ತಿದ್ದರು. ಆ ಸದನ ಹೋಗಲಿಲ್ಲ. ಸೆಪ್ಟೆಂಬರ್ 25ರಂದು ನಿರ್ಣಯವನ್ನೇ ತಿದ್ದಿ ಬರೆದರು: ಇವರು ಉಚ್ಚಾಟನೆಗೆ ತಕ್ಕವರು, ಜೊತೆಗೆ ಇವರು ರಾಜೀನಾಮೆ ಪತ್ರದಲ್ಲಿ ಬಳಸಿದ ಮಾತುಗಳು ಸದನಕ್ಕೆ ಮಾಡಿದ ಅವಮಾನ, ಅದರಿಂದ ತಪ್ಪು ಇನ್ನೂ ದೊಡ್ಡದಾಗಿದೆ. ತಾನಾಗಿ ಬಿಟ್ಟು ಹೋದೆ ಅನ್ನುವ ಸಮಾಧಾನಕ್ಕೂ ಜಾಗ ಕೊಡಲಿಲ್ಲ.

ನನ್ನ ಕೇಳಿದರೆ ರಾಜೀನಾಮೆ ಅಂದರೆ ಬರೀ ಒಂದು ಕಾಗದ. ಅದು ಬಂದ ಮೇಲೂ ಸದನ ಬಾಯಿ ಬಿಟ್ಟು ತಪ್ಪನ್ನು ತಪ್ಪು ಅಂತ ದಾಖಲು ಮಾಡಿತಾ ಅನ್ನುವುದನ್ನು ನೋಡಬೇಕು. 2005ರಲ್ಲಿ ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡ 11 ಸಂಸದರು ಟಿವಿ ಕ್ಯಾಮೆರಾಗೆ ಸಿಕ್ಕಿಬಿದ್ದಾಗ (ನಮ್ಮ ರಾಜ್ಯದವರು ಯಾರೂ ಇರಲಿಲ್ಲ, ಆ ಮಟ್ಟಿಗೆ ಬಚಾವ್) ಸಂಸತ್ತು ಅವರನ್ನು ಹದಿನೈದು ದಿನದೊಳಗೆ ಹೊರಹಾಕಿತು. 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸರಿ ಅಂದಿತು. ಆಗ ಎಲ್ಲರೂ ತಿರುಗಿ ನೋಡಿದ ಹಳೇ ಉದಾಹರಣೆ ಮುದ್ಗಲ್ ಅವರದ್ದೇ.

ಪ್ರಶ್ನೆ: ಶಾಸಕರು ರಾಜೀನಾಮೆ ಕೊಟ್ಟರೆ ಕೇಸ್ ಬಿದ್ದುಹೋಗುತ್ತಾ?
– ಓದುಗರು, ಶಿರಸಿ

ಉತ್ತರ: ಇಲ್ಲ. ಕುರ್ಚಿ ಬೇರೆ, ಕೇಸ್ ಬೇರೆ. ಲಂಚದ ಅಪರಾಧ ನಡೆದಾಗ ಆ ಮನುಷ್ಯ ಶಾಸಕ ಆಗಿದ್ದನಾ ಅನ್ನುವುದನ್ನು ಕೋರ್ಟ್ ನೋಡುತ್ತದೆ, ಈಗ ಇದ್ದಾನಾ ಅಂತ ಅಲ್ಲ. ಒಂದು ಮಜಾ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ವಿಚಾರಣೆಗೆ ಮುಂಚೆ ಅನುಮತಿ ಬೇಕು ಅನ್ನುವ ರಕ್ಷಣೆ ಇದೆಯಲ್ಲ, ಅದು ಮೊದಲು ಕುರ್ಚಿ ಬಿಟ್ಟವರಿಗೆ ಸಿಗುತ್ತಿರಲಿಲ್ಲ. 2018ರಲ್ಲಿ ಕಾಯ್ದೆ ತಿದ್ದಿ ಮಾಜಿಗಳಿಗೂ ಆ ಛತ್ರಿ ಹಿಡಿದರು. ಯಾರು ಯಾರಿಗೆ ಹಿಡಿದರು ಅಂತ ನಾನು ಹೇಳಬೇಕಾಗಿಲ್ಲ.

ಇನ್ನೊಂದು. ಮಂತ್ರಿಗಿರಿಗೆ ರಾಜೀನಾಮೆ, ಶಾಸಕ ಸ್ಥಾನಕ್ಕೆ ರಾಜೀನಾಮೆ, ಎರಡನ್ನೂ ಜನ ಸೇರಿಸಿಬಿಡುತ್ತಾರೆ. ಗಣಿ ಅಕ್ರಮದ ಬಗ್ಗೆ ಲೋಕಾಯುಕ್ತ ವರದಿ ಬಂದ ಮೇಲೆ 2011ರ ಜುಲೈ ಕೊನೆಗೆ ಯಡಿಯೂರಪ್ಪ ಬಿಟ್ಟಿದ್ದು ಮುಖ್ಯಮಂತ್ರಿ ಸ್ಥಾನ, ಶಾಸಕರಾಗಿ ಮುಂದುವರಿದರು. ಅವರ ಕುಟುಂಬದ ಪ್ರೇರಣಾ ಟ್ರಸ್ಟ್‌ಗೆ ಗಣಿ ಕಂಪನಿಯಿಂದ ದೇಣಿಗೆ ಬಂದ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ಕೋರ್ಟ್ ಅವರನ್ನು ಖುಲಾಸೆ ಮಾಡಿತು, ಅದನ್ನೂ ಹೇಳಬೇಕು.

ಶಾಸಕ ಸ್ಥಾನದ ರಾಜೀನಾಮೆ ಸುಮ್ನೆ ಪತ್ರ ಬಿಸಾಕಿದರೆ ಆಗುವುದೂ ಇಲ್ಲ. ಸ್ವಇಚ್ಛೆಯದ್ದಾ, ನಿಜವಾದದ್ದಾ ಅಂತ ಸ್ಪೀಕರ್‌ಗೆ ಒಪ್ಪಿಗೆಯಾಗಬೇಕು. 2019ರಲ್ಲಿ ನಮ್ಮ 17 ಶಾಸಕರ ಪ್ರಹಸನ ನೆನಪಿದೆಯಲ್ಲ? ಅದು ಲಂಚದ ಕೇಸ್ ಅಲ್ಲ, ಪಕ್ಷಾಂತರದ್ದು. ಆದರೂ ಅವತ್ತು ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿಗೆ ಹೊಂದುತ್ತದೆ: ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆ ಅಳಿಸಿಹೋಗುವುದಿಲ್ಲ. ಉಪಚುನಾವಣೆಗೆ ನಿಲ್ಲಬಹುದು ಅಂತಲೂ ಅದೇ ಕೋರ್ಟ್ ಹೇಳಿದ್ದರಿಂದ ಹೆಚ್ಚಿನವರು ಡಿಸೆಂಬರ್‌ನಲ್ಲಿ ಗೆದ್ದು ವಾಪಸ್ ಬಂದರು ಅನ್ನಿ.

ಪ್ರಶ್ನೆ: ಲಂಚಕ್ಕೆ ಸಿಕ್ಕಿಬಿದ್ದವರನ್ನು ಜನ ಮತ್ತೆ ಗೆಲ್ಲಿಸುವುದು ನಮ್ಮಲ್ಲಿ ಮಾತ್ರನಾ? ಅಮೆರಿಕದಲ್ಲಿ ಹೀಗೆಲ್ಲ ನಡೆಯಲ್ಲ ಅಂತಾನೆ ನನ್ನ ಮಗ.
– ಓದುಗರು, ಮೈಸೂರು

ಉತ್ತರ: ಮಗನಿಗೆ ಡೆರಿಕ್ ಸ್ಮಿತ್ ಕಥೆ ಹೇಳಿ. ಇಲಿನಾಯ್ ರಾಜ್ಯದ ವಿಧಾನಸಭೆಗೆ, ಷಿಕಾಗೋದ ಒಂದು ಕ್ಷೇತ್ರಕ್ಕೆ 2011ರಲ್ಲಿ ನೇಮಕವಾದರು. ಒಂದು ವರ್ಷ ಆಗಿತ್ತು ಅಷ್ಟೇ, 2012ರ ಮಾರ್ಚ್‌ನಲ್ಲಿ 7,000 ಡಾಲರ್ ಲಂಚ ಪಡೆದ ಆರೋಪದಲ್ಲಿ ಎಫ್‌ಬಿಐ ಬಂಧಿಸಿತು. ಮುಂದಿನ ವಾರವೇ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆ. ಗೆದ್ದರು! ರಾಜೀನಾಮೆ ಕೊಡಿ ಅಂದರೆ ಕೊಡಲಿಲ್ಲ. ಆಗಸ್ಟ್‌ನಲ್ಲಿ ಸದನ 100–6 ಮತಗಳಿಂದ ಉಚ್ಚಾಟಿಸಿತು. ನವೆಂಬರ್‌ನಲ್ಲಿ ಜನ ಮತ್ತೆ ಆರಿಸಿ ಕಳಿಸಿದರು. ಒಂದೇ ತಪ್ಪಿಗೆ ಎರಡು ಸಲ ಉಚ್ಚಾಟನೆ ಮಾಡುವ ಹಾಗಿಲ್ಲ ಅಂತ ಆ ರಾಜ್ಯದ ಸಂವಿಧಾನದಲ್ಲೇ ಬರೆದಿದೆ, ಹಾಗಾಗಿ ಹೊರಹಾಕಿದವರ ಜೊತೆಯಲ್ಲೇ ಆರಾಮಾಗಿ ಕೂತರು. 2014ರಲ್ಲಿ ಅಪರಾಧಿ ಅಂತ ತೀರ್ಪು ಬಂದ ಮೇಲೆಯೇ ಸೀಟು ಹೋಗಿದ್ದು.